ವಾಕರ್ ಎಂದರೆ ನಡೆಯುವವನಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲಿಷರ ಅಡ್ಡಹೆಸರುಗಳ ಬಗ್ಗೆ ಬಂದ ಬರಹ ಓದಿದೆ. ಸ್ಮಿತ್ ಎಂದರೆ ಕಮ್ಮಾರ, ಪಾಟರ್ ಎಂದರೆ ಕುಂಬಾರ, ಇದೆಲ್ಲ ಸರಿ. ಆದರೆ ವಾಕರ್ ಎಂದರೆ ‘ಜಾಸ್ತಿ ನಡೆಯುವವನು’ ಎಂದು ಬರೆದಿದ್ದೀರಿ. ಅದು ತಪ್ಪು. ಬೇರೆ ಕಡೆಯೂ ಹೀಗೇ ಬರೆದದ್ದನ್ನು ನೋಡಿದ್ದೇನೆ, ಅದಕ್ಕೇ ಈ ಪತ್ರ.

ವಾಕರ್ ಕಾಲಿನಿಂದಲೇ ಹೊಟ್ಟೆ ಹೊರೆಯುತ್ತಿದ್ದವನು, ನಿಜ. ಅವನ ದುಡಿಮೆ ನಡೆಯುತ್ತಿದ್ದುದು ತೊಟ್ಟಿಯೊಳಗೆ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆಯಲ್ಲಿ ಜಿಡ್ಡು ಉಳಿದಿರುತ್ತದೆ, ನೇಯ್ಗೆಯೂ ಸಡಿಲ. ಅದನ್ನು ತೊಟ್ಟಿಗೆ ಹಾಕಿ, ನೀರು, ಜೇಡಿಮಣ್ಣು, ಹಳಸಿದ ಮೂತ್ರ ಬೆರೆಸಿ, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯಬೇಕಿತ್ತು. ಮೂತ್ರದಲ್ಲಿನ ಅಮೋನಿಯಾ ಜಿಡ್ಡು ಬಿಡಿಸುತ್ತಿತ್ತು. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ, ದಪ್ಪವಾಗಿ, ಚಳಿ ತಡೆಯುವಂತಾಗುತ್ತಿತ್ತು. ಹೀಗೆ ತುಳಿಯುವುದಕ್ಕೆ ಉತ್ತರ ಇಂಗ್ಲೆಂಡಿನ ಜನ ‘ವಾಕ್’ ಎನ್ನುತ್ತಿದ್ದರು. ಆ ನಾತದಲ್ಲಿ ನಿಂತು ದುಡಿದವರನ್ನು ಸುಮ್ನೆ ದಾರಿಹೋಕರನ್ನಾಗಿ ಮಾಡಿಬಿಟ್ಟರೆ ಬೇಜಾರಾಗುತ್ತದೆ, ಅಲ್ವಾ?

ಇದೇ ಕೆಲಸಕ್ಕೆ ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್ ಎಂದೂ, ನೈಋತ್ಯದ ಡೆವನ್ ಕಡೆ ಟಕರ್ ಎಂದೂ ಹೆಸರು. ಹಾಗಾಗಿ ಅಡ್ಡಹೆಸರು ನೋಡಿಯೇ ಮನೆತನದ ಹಿರಿಯರು ಯಾವ ಸೀಮೆಯವರಿರಬಹುದು ಎಂದು ಅಂದಾಜು ಮಾಡಬಹುದು. ಡೆವನ್‌ನ ಎಕ್ಸೆಟರ್ ಪಟ್ಟಣದಲ್ಲಿ ನೇಕಾರರು, ಟಕರ್‌ಗಳು ಸೇರಿ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇವತ್ತಿಗೂ ಇದೆ. ಇನ್ನು ಫುಲ್ಲರ್ ನಮ್ಮ ಮನೆಗಳಿಗೂ ಬಂದಿದ್ದಾನೆ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ‘ಫುಲ್ಲರ್ಸ್ ಅರ್ತ್’ ಎಂದು ಬರೆದಿರುತ್ತದೆ, ನೋಡಿ. ಬಟ್ಟೆಯ ಜಿಡ್ಡು ಹೀರಲು ಅವನು ತೊಟ್ಟಿಗೆ ಹಾಕುತ್ತಿದ್ದ ಮಣ್ಣು ಅದೇ ಬಗೆಯದು.

ಕಾಲಿನ ಕೆಲಸವನ್ನು ನೀರಿನ ಬಲದಿಂದ ಏಳುವ ಮರದ ಕೊಡತಿಗಳಿಗೆ ವಹಿಸಿದ ಗಿರಣಿಗಳು ಇಂಗ್ಲೆಂಡಿನಲ್ಲಿ ಇದ್ದವೆಂಬುದು 1185ರ ದಾಖಲೆಯಲ್ಲೇ ಇದೆ. ಅಡ್ಡಹೆಸರುಗಳು ಅಪ್ಪನಿಂದ ಮಗನಿಗೆ ಇಳಿದು ಗಟ್ಟಿಯಾದದ್ದು ಹೆಚ್ಚಾಗಿ ಅದರ ನಂತರ, 13–14ನೇ ಶತಮಾನದಲ್ಲಿ. ಗಿರಣಿ ಬಂದರೂ ಜನರ ಬಾಯಲ್ಲಿ ಅವನು ವಾಕರ್ ಆಗಿಯೇ ಉಳಿದ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಇದನ್ನು ತಿದ್ದಿ ಪ್ರಕಟಿಸಿ. ಬರಹದ ಮುಂದಿನ ಕಂತು ಬರಲಿದೆ ಎಂದಿದ್ದೀರಿ. ಅದರಲ್ಲಿ ಬಾರ್ಕರ್ ಸೇರಿದ್ದರೆ ಅವನನ್ನು ಬೊಗಳುವವನನ್ನಾಗಿ ಮಾಡಬೇಡಿ. ಬಾರ್ಕರ್‌ಗಳು ಹೆಚ್ಚಾಗಿ ಚರ್ಮ ಹದ ಮಾಡುವವರು, ಮರದ ತೊಗಟೆ ಬಳಸಿ.

ಇಂತಿ,
ನಿಮ್ಮ ಓದುಗ, ರಾಣೆಬೆನ್ನೂರು