ಹುಲ್ಲುಗುಡ್ಡದಲ್ಲಿ ಗುಂಡಿ ತೋಡಬೇಡಿ

ಮಾನ್ಯ ಸಂಪಾದಕರೇ,

ಭರಣಿ ಮಳೆ ಬಿದ್ದ ಮೂರನೇ ದಿನ, ಭಾನುವಾರ ಬೆಳಗ್ಗೆ, ನಾವು ಎಂಟು ಜನ ಮಂಡ್ಯದಿಂದ ಹೊರಟು ಜಕ್ಕನಹಳ್ಳಿಯಲ್ಲಿ ಟೀ ಕುಡಿದು ಮೇಲುಕೋಟೆ ಕಡೆಯ ಒಂದು ಹುಲ್ಲುಗುಡ್ಡ ಹತ್ತಿದೆವು. ಹೂ ನೋಡಲು ಅಂತಲೇ ಹೋಗಿದ್ದು. "ಆ ಬೋರೆ ಮೇಲೆ ಏನು ಹೂವಿದೆ?" ಎಂದು ಮನೆಯಲ್ಲಿ ಕೇಳಿದ್ದರು.

ರಸ್ತೆಯಿಂದ ನೋಡಿದರೆ ಏನೂ ಕಾಣುವುದಿಲ್ಲ, ನಿಜ. ಒಣಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ. ಕುಕ್ಕರಗಾಲಲ್ಲಿ ಕೂತು ನೋಡಬೇಕು. ಹುಲ್ಲಿನ ಬುಡದಲ್ಲಿ ನೆಲತಾಳೆ ಅರಳಿತ್ತು. ಆರೆಸಳಿನ ಹಳದಿ ಹೂ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಗಮನವಿಲ್ಲದೆ ನಡೆದರೆ ತುಳಿದೇಬಿಡುತ್ತೇವೆ. ಅದರ ಪಕ್ಕದಲ್ಲೇ ವಿಷ್ಣುಕ್ರಾಂತಿ, ಉಗುರಿನಷ್ಟಗಲ, ಅಷ್ಟು ನೀಲಿ ನಾನು ಬೇರೆಲ್ಲೂ ನೋಡಿಲ್ಲ. ಕಾಡೀರುಳ್ಳಿಯದು ಇನ್ನೊಂದು ಥರ. ಒಂದೆಲೆಯೂ ಇಲ್ಲ, ನೆಲದಿಂದ ನೇರ ಒಂದು ಕಡ್ಡಿ ಎದ್ದು ಅದರ ತುಂಬ ಹೂ. ಎಲೆ ಆಮೇಲೆ, ಮಳೆ ಹಿಡಿದ ಮೇಲೆ ಬರುತ್ತದೆ. ಬೇಸಿಗೆಯೆಲ್ಲ ಗೆಡ್ಡೆ ಮಣ್ಣಿನೊಳಗೆ ಸುಮ್ನೆ ಮಲಗಿರುತ್ತದೆ. ನೆಗ್ಗಿಲು ಮುಳ್ಳಿನಲ್ಲೂ ಹೂವಿತ್ತು, ಕವಳೆ ಪೊದೆಯಲ್ಲಿ ಕಾಯಿ ಇತ್ತು. ಗೌರಿ ಹಬ್ಬದ ಹೊತ್ತಿಗೆ ಬಂದರೆ ಬೇಲಿ ಮೇಲೆ ಗೌರಿ ಹೂ ಸಿಗುತ್ತದೆ.

ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ತನ್ನ ಟವೆಲ್ ಹಾಸಿ, ಅದರಷ್ಟೇ ಅಗಲದ ಜಾಗದಲ್ಲಿ ಎಷ್ಟು ಬಗೆ ಗಿಡ ಇವೆ ಎಣಿಸೋಣ ಎಂದಳು. ಹುಲ್ಲು, ಹೂ, ಬಳ್ಳಿ ಎಲ್ಲ ಸೇರಿ 14 ಬಗೆ ಸಿಕ್ಕವು. ಹೆಸರು ಗೊತ್ತಾಗಿದ್ದು ಅರ್ಧಕ್ಕೆ ಮಾತ್ರ. ಅದೇ ಗುಡ್ಡದ ಇನ್ನೊಂದು ಮಗ್ಗುಲಿಗೆ ಹಿಂದೆ ಯಾರೋ ಅಕೇಶಿಯಾ ನೆಟ್ಟಿದ್ದಾರೆ. ಅಲ್ಲೂ ಅದೇ ಟವೆಲ್ ಹಾಸಿದೆವು. ಒಣಗಿದ ಎಲೆ ದಪ್ಪಗೆ ಬಿದ್ದಿತ್ತು, ಅದರಡಿ ಸಿಕ್ಕಿದ್ದು ಎರಡೇ ಬಗೆ, ಅದರಲ್ಲೊಂದು ಲಂಟಾನ. ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ, ಲಂಟಾನ ಅಮೆರಿಕ ಕಡೆಯದು. ನಮ್ಮ ಹುಲ್ಲಿಗೆ ಪೂರ್ತಿ ಬಿಸಿಲು ಬೇಕು. ಮೇಲೆ ನೆರಳು, ಕೆಳಗೆ ತರಗು, ಹುಲ್ಲು ಎಲ್ಲಿಂದ ಬರಬೇಕು ಹೇಳಿ?

ಈ ಪತ್ರ ಬರೆಯುವುದಕ್ಕೆ ಕಾರಣ ಅಲ್ಲಿ ಕಂಡ ಸುಣ್ಣದ ಗುರುತು. ಹೂವಿರುವ ಮಗ್ಗುಲಿನಲ್ಲೂ ಸಾಲಾಗಿ ಗುರುತು ಹಾಕಿದ್ದಾರೆ. ಜೂನ್ 5ರ ಪರಿಸರ ದಿನಕ್ಕೋ ಜುಲೈನ ವನಮಹೋತ್ಸವಕ್ಕೋ ಜೆಸಿಬಿ ತಂದು ಗುಂಡಿ ತೋಡಿ ಸಸಿ ನೆಡುತ್ತಾರಂತೆ. ನೆಡುವವರ ಮನಸ್ಸು ಒಳ್ಳೆಯದೇ, ನನಗೆ ಅನುಮಾನವಿಲ್ಲ. ಆದರೆ ಬೋಳು ಜಾಗ ಅಂದುಕೊಂಡು ತೋಡುವ ಆ ಮಣ್ಣಿನಲ್ಲೇ ಗೆಡ್ಡೆಗಳಿವೆ, ಹುಲ್ಲಿನ ಬೇರಿದೆ, ಟಿಟ್ಟಿಭ ಹಕ್ಕಿಯ ಮೊಟ್ಟೆ ಇದೆ. ನಾವೇ ಒಂದು ಕಡೆ ನಾಲ್ಕು ಮೊಟ್ಟೆ ನೋಡಿದೆವು, ಗೂಡಿಲ್ಲ, ಬರೀ ನೆಲ, ಕಲ್ಲಿನದೇ ಬಣ್ಣ. ಯಂತ್ರ ಓಡಿಸುವವರಿಗೆ ಖಂಡಿತ ಕಾಣುವುದಿಲ್ಲ. ಇಂಗಾಲ ಹಿಡಿಯಲು ಮರ ಬೇಕು ಎನ್ನುವವರಿಗೂ ಒಂದು ಮಾತು: ಹುಲ್ಲುಗಾವಲು ತನ್ನ ಇಂಗಾಲವನ್ನು ಹೆಚ್ಚಾಗಿ ನೆಲದೊಳಗೇ ಇಟ್ಟುಕೊಳ್ಳುತ್ತದೆ, ಮೇಲೆ ಬೆಂಕಿ ಬಿದ್ದರೂ ಅದರಲ್ಲಿ ಹೆಚ್ಚಿನ ಪಾಲು ಅಲ್ಲೇ ಉಳಿಯುತ್ತದೆ. ಅದನ್ನು ಅಗೆದು ತೆಗೆಯುವುದು ಯಾಕೆ?

ಕಾಗದದಲ್ಲಿ ಇಂಥ ಜಾಗಕ್ಕೆ ಖರಾಬು, ಬಂಜರು ಎಂದು ಬರೆದಿರುತ್ತಾರೆ. ನನಗೆ ನೋವಾಗುವುದು ಇಲ್ಲೇ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಕಟ್ಟಿ ಅರಮನೆ ದನಗಳಿಗೆ ಕಾವಲು, ಅಂದರೆ ಮೇಯುವ ಹುಲ್ಲುಬಯಲು, ಬಿಟ್ಟ ನಾಡು ನಮ್ಮದು, ಟಿಪ್ಪು ಕಾಲದಲ್ಲಿ ಆ ಇಲಾಖೆಯೇ ಅಮೃತ್ ಮಹಲ್ ಆಯಿತು. ಈಗಿನ ಕಂದಾಯ ನಿಯಮದಲ್ಲೂ ಊರಿನ ನೂರು ದನಕ್ಕೆ 12 ಹೆಕ್ಟೇರ್‌ನಂತೆ ಗೋಮಾಳ ಇಡಬೇಕು ಎಂದಿದೆ. ನಮ್ಮ ಮಳವಳ್ಳಿ ಕಡೆಯ ಬಂಡೂರು ಕುರಿ ಇಷ್ಟು ಹೆಸರು ಮಾಡಿದ್ದು ಹುಲ್ಲು ಮೇದೇ ಅಲ್ವಾ? ಮೇಲುಕೋಟೆ ವನ್ಯಜೀವಿಧಾಮ 1974ರಲ್ಲಿ ಆಗಿದ್ದು ಮುಖ್ಯವಾಗಿ ತೋಳಗಳಿಗಾಗಿ. ಬಯಲು ಹೋದರೆ ತೋಳ ಎಲ್ಲಿ ಓಡಾಡಬೇಕು? ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲು ಉಳಿಸಿ ಎಂದು ಜನ ವರ್ಷಗಟ್ಟಲೆ ಕೇಳಿ ಕೇಳಿ, 2024ರಲ್ಲಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಮಂಡ್ಯ, ಮೈಸೂರಿನ ಸಣ್ಣ ಸಣ್ಣ ಹುಲ್ಲುಗುಡ್ಡಗಳ ಪರವಾಗಿ ಕೇಳುವವರು ಇನ್ನೂ ಜಾಸ್ತಿ ಇಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.

ಸಸಿ ನೆಡಿ, ಬೇಡ ಅನ್ನುವುದಿಲ್ಲ. ಹೊಂಗೆ, ಬೇವು, ಹಿಪ್ಪೆ ನೆಡಿ. ರಸ್ತೆ ಅಗಲ ಮಾಡುವಾಗ ಕಡಿದ ಸಾಲುಮರಗಳ ಜಾಗ ಖಾಲಿ ಇದೆ, ಶಾಲೆ ಅಂಗಳಗಳಿವೆ, ಹೊಲದ ಬದುಗಳಿವೆ. ಗುಡ್ಡಕ್ಕೆ ಗುಂಡಿ ತೋಡುವ ಮೊದಲು ಅಲ್ಲಿ ಈಗ ಏನು ಬೆಳೆದಿದೆ ಎಂದು ಗಿಡ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ ನೋಡಿ, ಕುರಿ ಮೇಯಿಸುವವರನ್ನೂ ಕೇಳಿ. ಇಷ್ಟೇ ನನ್ನ ಕೋರಿಕೆ.

ಪರಿಸರ ದಿನಕ್ಕೆ ಇನ್ನು ಮೂರು ವಾರ ಇದೆ. ಗುರುತು ಹಾಕಿದವರು ಈ ಪತ್ರ ಓದಿದರೆ ದಯವಿಟ್ಟು ನಮ್ಮ ಜೊತೆ ಒಂದು ಸಾರಿ ಗುಡ್ಡಕ್ಕೆ ಬನ್ನಿ. ಬೆಳಗ್ಗೆಯೇ ಬನ್ನಿ. ಬಿಸಿಲೇರಿದ ಮೇಲೆ ವಿಷ್ಣುಕ್ರಾಂತಿ ಮುಚ್ಚಿಕೊಳ್ಳುತ್ತದೆ.

– ಒಬ್ಬ ಓದುಗ, ಮಂಡ್ಯ