ಸದಾರಮೆ ಮತ್ತೆ ಬರಲಿ, ಹಾಡುವ ನಟರೊಂದಿಗೆ ಬರಲಿ

ಮಾನ್ಯ ಸಂಪಾದಕರೆ,

‘ಸದಾರಮೆ’ಯಂಥ ಹಳೆಯ ಸಂಗೀತ ನಾಟಕವನ್ನು ಮತ್ತೆ ರಂಗಕ್ಕೆ ತರುವ ಮಾತು ಬಂದಾಗಲೆಲ್ಲ ರಂಗಾಸಕ್ತರ ಚರ್ಚೆ ಅದರ ಉದ್ದದ ಸುತ್ತಲೇ ಸುತ್ತುತ್ತದೆ. ರಾತ್ರಿ ಊಟ ಮುಗಿಸಿ ಬಂದವರನ್ನು ನಡುರಾತ್ರಿ ಕಳೆಯುವವರೆಗೂ ಕೂರಿಸುತ್ತಿದ್ದ ನಾಟಕವನ್ನು ಎರಡು ಗಂಟೆಗೆ ಇಳಿಸದಿದ್ದರೆ ಇಂದಿನ ಪ್ರೇಕ್ಷಕ ಬರುವುದಿಲ್ಲ ಎಂದು ಕೆಲವರು ಹೇಳಿದರೆ, ಹಾಗೆ ಕತ್ತರಿಸುವುದಾದರೆ ಆಡದೇ ಇರುವುದು ಮೇಲು ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಕಡೆಯವರ ಕಾಳಜಿ ನಿಜವಾದದ್ದೇ. ಆದರೆ ಉದ್ದದ ಪ್ರಶ್ನೆ ಎರಡನೆಯದು ಎಂದು ನನ್ನ ಅಭಿಪ್ರಾಯ. ಆ ನಾಟಕದಲ್ಲಿ ಹಾಡುವವರು ಯಾರು, ಅವರ ಜೊತೆ ನುಡಿಸುವವರು ಯಾರು ಎಂಬುದು ಮೊದಲು ಇತ್ಯರ್ಥವಾಗಬೇಕು.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ನಾಟಕ ಕಂಪನಿಯ ಹೆಸರಿನ ಜೊತೆ ಬೆಸೆದುಕೊಂಡ ನಾಟಕ. 1884ರಲ್ಲಿ ಹುಟ್ಟಿದ ಆ ಕಂಪನಿಯನ್ನು ನಾಡಿನ ಉದ್ದಗಲಕ್ಕೂ ಒಯ್ದ ಗುಬ್ಬಿ ವೀರಣ್ಣನವರು ಈ ನಾಟಕದ ಕಳ್ಳನ ಪಾತ್ರದಿಂದ ಜನರ ನಾಲಿಗೆಯಲ್ಲಿ ಉಳಿದರು. 1935ರಷ್ಟು ಹಿಂದೆಯೇ, ಕನ್ನಡ ವಾಕ್ಚಿತ್ರ ಇನ್ನೂ ಕಣ್ಣು ಬಿಡುತ್ತಿದ್ದ ಹೊತ್ತಿನಲ್ಲಿ, ಈ ಕಥೆ ಚಲನಚಿತ್ರವೂ ಆಯಿತು. ಮುಂದೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಈ ನಾಟಕವನ್ನು ಮತ್ತೆ ಕೈಗೆತ್ತಿಕೊಂಡು, ತಾತ ಮಾಡುತ್ತಿದ್ದ ಅದೇ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಅವರ ಪ್ರಯೋಗ ಅಷ್ಟು ಜೀವಂತವಾಗಿ ಕಂಡದ್ದಕ್ಕೆ ಮುಖ್ಯ ಕಾರಣ ಅವರ ಕಂಠ. ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟುವ, ಕಂಪನಿಯ ಮನೆಯಲ್ಲೇ ಬೆಳೆದ ಆ ಕಂಠ ಪಾತ್ರದೊಳಗಿನಿಂದಲೇ ಹಾಡುತ್ತಿತ್ತು, ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಬರುತ್ತಿರಲಿಲ್ಲ.

ಈ ಗೆರೆ ಇಲ್ಲದಿರುವುದೇ ಕಂಪನಿ ನಾಟಕದ, ಅಂದರೆ ಊರೂರು ಸುತ್ತುವ ವೃತ್ತಿ ತಂಡಗಳ ನಾಟಕದ, ಕಸುಬು. ರಾಜಕುಮಾರನನ್ನು ವರಿಸಿದ ವರ್ತಕರ ಮನೆಯ ಹುಡುಗಿ ಸದಾರಮೆ ಕಾಡಿನಲ್ಲಿ ಕಳ್ಳನ ಕೈಗೆ ಸಿಕ್ಕು, ಅವನನ್ನು ಮಾತಿನಲ್ಲೂ ಹಾಡಿನಲ್ಲೂ ಮರುಳು ಮಾಡಿ ಪಾರಾಗುವ ದೃಶ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಕಳ್ಳ ಒಂದು ಮಾತು ಎಸೆಯುತ್ತಾನೆ, ಸಭೆ ನಗುತ್ತದೆ, ನಗು ಇಳಿಯುವವರೆಗೆ ನಟ ಕಾಯುತ್ತಾನೆ, ಮುಂದಿನ ಮಾತಿನ ಕೊನೆಯ ಅಕ್ಷರವನ್ನು ಶ್ರುತಿಗೆ ಏರಿಸಿ ಪಲ್ಲವಿ ಹಿಡಿಯುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಅವನ ಉಸಿರನ್ನೇ ನೋಡುತ್ತಾ ಕೂತಿರುತ್ತಾರೆ. ಇವತ್ತು ಸಭೆ ಹೆಚ್ಚು ನಕ್ಕರೆ ಸ್ವರವನ್ನು ಎಳೆದು ಹಿಡಿಯುತ್ತಾರೆ, ನಟನ ಗಂಟಲು ಕಟ್ಟಿದ್ದರೆ ಶ್ರುತಿಯನ್ನು ಅರ್ಧ ಮನೆ ಇಳಿಸಿ ಅವನ ಮಾನ ಕಾಯುತ್ತಾರೆ. ‘ಒನ್ಸ್ ಮೋರ್’ ಎಂದು ಸಭೆ ಕೂಗಿದಾಗ ಮತ್ತೆ ಹಾಡುವ ಹಾಡು ಮೊದಲು ಹಾಡಿದ್ದರ ನಕಲಾಗಿರುತ್ತಿರಲಿಲ್ಲ, ಅದೇ ಸಾಲನ್ನು ಬೇರೆ ರೀತಿ ಹಾಡುವ ಹೊಸ ಸಂಗತಿಯೊಂದು ಸೇರಿರುತ್ತಿತ್ತು. ಕಾಲು ಹಾರ್ಮೋನಿಯಂ ನಮ್ಮ ಕಂಪನಿಗಳಿಗೆ ಅಷ್ಟು ಒಗ್ಗಿದ್ದು ಸುಮ್ಮನಲ್ಲ. ಗಾಳಿ ಒತ್ತುವ ಕೆಲಸವನ್ನು ಕಾಲಿಗೆ ಬಿಟ್ಟು ಎರಡೂ ಕೈಗಳಲ್ಲಿ ನುಡಿಸಬಹುದಾಗಿತ್ತು, ಮೈಕಿಲ್ಲದ ಕಾಲದಲ್ಲಿ ಅದರ ನಾದ ಟೆಂಟಿನ ಕೊನೆಯವರೆಗೂ ಹೋಗುತ್ತಿತ್ತು.

ಇಷ್ಟನ್ನು ಹೇಳಲು ಕಾರಣವಿದೆ. ಈಚಿನ ವರ್ಷಗಳಲ್ಲಿ ಹಳೆಯ ಸಂಗೀತ ನಾಟಕಗಳ ಹೆಸರಿನಲ್ಲಿ ನಾನು ನೋಡಿದ ಕೆಲವು ಪ್ರಯೋಗಗಳಲ್ಲಿ ಹಾಡುಗಳೆಲ್ಲ ಮೊದಲೇ ಧ್ವನಿಮುದ್ರಣವಾಗಿದ್ದವು. ಬೆಳಕಿತ್ತು, ಜರಿಯ ಉಡುಪಿತ್ತು, ಹಳೆಯ ಮಾದರಿಯಲ್ಲಿ ಬರೆಸಿದ ಅರಮನೆ ಪರದೆಯೂ ಇತ್ತು. ನಟ ಮಾತ್ರ ತುಟಿ ಆಡಿಸುತ್ತಿದ್ದ. ಸಭೆ ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆಯ ಮೇಲೆಯೇ ಚರಣ ಹರಿದುಹೋಗುತ್ತಿತ್ತು, ಏಕೆಂದರೆ ಮುದ್ರಿತ ಹಾಡಿಗೆ ಕಾಯಲು ಬರುವುದಿಲ್ಲ. ಆ ತಂಡಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಾದ್ಯದವರನ್ನು ಪ್ರತಿ ತಾಲೀಮಿಗೂ ಪ್ರತಿ ಊರಿಗೂ ಕರೆದುಕೊಂಡು ಹೋಗುವ ಖರ್ಚು ಹವ್ಯಾಸಿ ತಂಡಕ್ಕೆ ಭಾರವೆಂಬುದನ್ನು ನಾನು ಬಲ್ಲೆ. ಆದರೂ ಹಣ ಸಾಲದಿದ್ದಾಗ ಪರದೆಯನ್ನು ಬಿಡಬಹುದು, ಉಡುಪನ್ನು ಸರಳ ಮಾಡಬಹುದು. ಸಂಗೀತ ನಾಟಕದಲ್ಲಿ ಕೈಬಿಡಬಾರದ ಒಂದೇ ಒಂದು ವಸ್ತುವನ್ನು ಮೊದಲು ಕೈಬಿಡುತ್ತಿದ್ದೇವೆ ಎಂಬುದೇ ನನ್ನ ನೋವು.

ಇಂದಿನ ನಟರಿಗೆ ಹಾಡಲು ಬರುವುದಿಲ್ಲ ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಇದನ್ನು ನಾನು ಒಪ್ಪಲಾರೆ. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದು ಬೆಳೆದ ಬಿ.ವಿ. ಕಾರಂತರು ಆಧುನಿಕ ರಂಗಭೂಮಿಗೆ ಬಂದ ಮೇಲೆ ಮಾಡಿದ ದೊಡ್ಡ ಕೆಲಸವೆಂದರೆ, ಹಾಡುವ ನಟ ಹಳೆಯ ಕಾಲದವನು ಎಂಬ ಭಾವನೆಯನ್ನು ಅಳಿಸಿದ್ದು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಅವರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದಾಗಲೂ, ಜಡಭರತರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಹೆಣೆದಾಗಲೂ ರಂಗದ ಮೇಲಿದ್ದವರು ವೃತ್ತಿ ಗಾಯಕರಲ್ಲ. ಕಾಲೇಜಿನಿಂದ, ಕಚೇರಿಯಿಂದ ಸಂಜೆ ಬಂದು ತಾಲೀಮು ಮಾಡಿದವರೂ ಅವರಲ್ಲಿ ಇದ್ದರು. ಕಾರಂತರು ಸಂಗೀತ ಕಛೇರಿಯ ಕಂಠ ಹುಡುಕಲಿಲ್ಲ, ಪಾತ್ರದ ಕಂಠ ಹುಡುಕಿದರು. ಮೈಸೂರಿನ ರಂಗಾಯಣವಾಗಲಿ ಹೆಗ್ಗೋಡಿನ ನೀನಾಸಂ ಆಗಲಿ ಇಂದಿಗೂ ನಟರಿಗೆ ಹಾಡಿನ ಪಾಠ ಹೇಳುತ್ತಿರುವಾಗ, ಹಾಡುವ ನಟರಿಲ್ಲ ಎನ್ನುವುದು ಸರಿಯಲ್ಲ.

ಅದಕ್ಕಿಂತ ಹತ್ತಿರದ ಸಾಕ್ಷಿಯೊಂದು ನಮ್ಮ ಹಳ್ಳಿಗಳಲ್ಲೇ ಇದೆ. ತುಮಕೂರು, ಮಂಡ್ಯ, ಹಾಸನದ ಕಡೆ ಇಂದಿಗೂ ಹಬ್ಬ ಜಾತ್ರೆಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳು ನಡೆಯುತ್ತವೆ. ಹಗಲು ಹೊಲದಲ್ಲಿ ದುಡಿದವರು, ಅಂಗಡಿ ಇಟ್ಟವರು, ಶಾಲೆಯ ಮೇಷ್ಟ್ರುಗಳು ತಿಂಗಳುಗಟ್ಟಲೆ ರಾತ್ರಿ ಕೂತು ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕಂದ, ವೃತ್ತವೆಂಬ ಪದ್ಯಗಳನ್ನೂ ಹಾಡುಗಳನ್ನೂ ಕಲಿಯುತ್ತಾರೆ, ಡ್ರಾಮಾ ಸೀನರಿ ಬಾಡಿಗೆಗೆ ತಂದು, ಕೈಯಿಂದ ಹಣ ಹಾಕಿ, ಬೆಳಗಿನವರೆಗೆ ತಮ್ಮ ಗಂಟಲಿನಿಂದಲೇ ಹಾಡಿ ಆಡುತ್ತಾರೆ. ಶ್ರುತಿ ಕೆಲವೊಮ್ಮೆ ಜಾರುತ್ತದೆ. ಆದರೂ ದುರ್ಯೋಧನ ಒಂದು ವೃತ್ತವನ್ನು ತಾರಸ್ಥಾಯಿಯಲ್ಲಿ ನಿಲ್ಲಿಸಿದಾಗ ಚಾಪೆಯ ಮೇಲೆ ಮಲಗಿದ್ದವರೂ ಎದ್ದು ಕೂರುತ್ತಾರೆ. ನಗರದ ರಂಗಾಸಕ್ತರಾದ ನಾವು ಈ ನಾಟಕಗಳನ್ನು ಹಳ್ಳಿಯ ಗದ್ದಲವೆಂದು ಬದಿಗಿಟ್ಟಿದ್ದೇವೆ. ‘ಸದಾರಮೆ’ಯನ್ನು ಮತ್ತೆ ಕಟ್ಟಲು ಬೇಕಾದ ಕಸುಬು, ಅಂದರೆ ನಟನ ಹಾಡಿಗೆ ಹೊಂದಿಕೊಂಡು ನುಡಿಸುವ ಕಸುಬು, ಉಳಿದಿರುವುದು ಹೆಚ್ಚಾಗಿ ಆ ಡ್ರಾಮಾ ಮೇಷ್ಟ್ರುಗಳ ಬೆರಳುಗಳಲ್ಲಿಯೇ.

ಇಲ್ಲಿ ಅವಸರದ ವಿಷಯವೂ ಒಂದಿದೆ. ಹಳೆಯ ನಾಟಕದ ಪುಸ್ತಕಗಳನ್ನು ತೆರೆದರೆ ಹಾಡಿನ ಮೇಲೆ ರಾಗ, ತಾಳದ ಹೆಸರಿರುತ್ತದೆ, ಎಷ್ಟೋ ಕಡೆ ‘ಇಂಥ ಹಾಡಿನ ಮಟ್ಟು’, ಅಂದರೆ ಇಂಥ ಹಾಡಿನ ಧಾಟಿ, ಎಂದಷ್ಟೇ ಇರುತ್ತದೆ. ಆ ಮೂಲ ಹಾಡು ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಮರಾಠಿ ರಂಗಗೀತೆಯೋ ಪಾರ್ಸಿ ಕಂಪನಿಯ ಹಾಡೋ ಆಗಿದ್ದು, ಈಗ ಅದೇ ಮರೆತುಹೋಗಿದೆ. ಹೀಗಾಗಿ ಸಾಹಿತ್ಯ ಅಚ್ಚಿನಲ್ಲಿ ಭದ್ರವಾಗಿದ್ದರೂ ಮಟ್ಟು ಮಾತ್ರ ಹಾಡಿದವರ ನೆನಪಿನಲ್ಲಿ ಉಳಿದಿದೆ. ಆರ್. ಪರಮಶಿವನ್ ಅವರಂಥ ಹಾರ್ಮೋನಿಯಂ ವಿದ್ವಾಂಸರು ಕಂಪನಿಗಳಲ್ಲಿ ಕಲಿತದ್ದನ್ನು ಹೊಸ ತಲೆಮಾರಿಗೆ ಹೇಳಿಕೊಡದೆ ಹೋಗಿದ್ದರೆ ಇಂದು ನಾವು ರಂಗಗೀತೆ ಎಂದು ಹಾಡುತ್ತಿರುವ ಎಷ್ಟೋ ಹಾಡುಗಳು ಬರಿಯ ಸಾಲುಗಳಾಗಿ ಉಳಿಯುತ್ತಿದ್ದವು. ರಂಗಗೀತೆಗಳ ಕಾರ್ಯಕ್ರಮಗಳು ಹಲವೆಡೆ ನಡೆಯುತ್ತಿರುವುದು ಸಂತೋಷವೇ, ಆದರೆ ಅಲ್ಲಿ ಹಾಡು ನಾಟಕದಿಂದ ಬೇರೆಯಾಗಿ ನಿಲ್ಲುತ್ತದೆ. ಯಾವ ಮಾತಿನ ಬೆನ್ನಿಗೆ ಆ ಹಾಡು ಬರುತ್ತಿತ್ತು, ಹಿಂದೆ ಅರಮನೆಯ ದೃಶ್ಯ ಸಜ್ಜಾಗುತ್ತಿರುವಾಗ ಬೀದಿಯ ಪರದೆಯ ಮುಂದೆ ಹಾಸ್ಯಗಾರ ಯಾವ ಹಾಡನ್ನು ಎಷ್ಟು ಹೊತ್ತು ಎಳೆಯುತ್ತಿದ್ದ ಎಂಬುದು ಕಛೇರಿಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಇಡೀ ನಾಟಕವೇ ಬೇಕು.

ಉದ್ದದ ವಿಷಯದಲ್ಲಿ ನನಗೆ ಹಟವಿಲ್ಲ. ಉಪಕಥೆಯೊಂದನ್ನು ಬಿಡಬಹುದು, ಕಾಲಕ್ಕೆ ಹೊಂದದ ಹಾಸ್ಯವನ್ನು ತೆಗೆಯಬಹುದು. ಕಂಪನಿಗಳೂ ಊರಿಂದ ಊರಿಗೆ ಮಾತನ್ನು ಬದಲಿಸುತ್ತಲೇ ಇದ್ದವು. ಗಂಡುವೇಷ ಧರಿಸಿ, ತನ್ನ ಬುದ್ಧಿಯಿಂದ ತನ್ನನ್ನು ತಾನೇ ಕಾಪಾಡಿಕೊಳ್ಳುವ ಸದಾರಮೆಯನ್ನು ಇಂದಿನ ಹುಡುಗಿಯರಿಗೆ ಪರಿಚಯಿಸಲು ಹೆಚ್ಚಿನ ತಿದ್ದುಪಡಿಯೂ ಬೇಕಿಲ್ಲ. ಆದರೆ ಹಾಡನ್ನು ಒಂದು ಪಲ್ಲವಿ, ಒಂದು ಚರಣಕ್ಕೆ ಮೊಟಕು ಮಾಡುವುದನ್ನು ವಿರೋಧಿಸುತ್ತೇನೆ. ಹತ್ತು ಹಾಡನ್ನು ಅರ್ಧರ್ಧ ಹಾಡುವುದಕ್ಕಿಂತ ಐದನ್ನು ಪೂರ್ತಿಯಾಗಿ, ಆಲಾಪಕ್ಕೂ ‘ಒನ್ಸ್ ಮೋರ್’ಗೂ ಜಾಗವಿಟ್ಟು ಹಾಡುವುದು ಲೇಸು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಕರ್ನಾಟಕ ನಾಟಕ ಅಕಾಡೆಮಿ ಸಂಗೀತ ನಾಟಕಗಳಿಗೆ ಸಹಾಯಧನ ಕೊಡುವಾಗ ಅದರಲ್ಲಿ ಒಂದು ಪಾಲನ್ನು ಹಾರ್ಮೋನಿಯಂ, ತಬಲಾ ಕಲಾವಿದರಿಗೆಂದೇ ಮೀಸಲಿಡಲಿ, ಧ್ವನಿಮುದ್ರಿತ ಹಾಡಿಗೆ ಆಡುವ ತಂಡಕ್ಕೆ ಆ ಪಾಲು ಸಲ್ಲದಿರಲಿ. ಜಿಲ್ಲೆ ಜಿಲ್ಲೆಗಳಲ್ಲಿ ಈಗಲೂ ಪಾಠ ಹೇಳುತ್ತಿರುವ ಹಿರಿಯ ಡ್ರಾಮಾ ಮೇಷ್ಟ್ರುಗಳನ್ನು ಕೂರಿಸಿ, ಅವರಿಗೆ ನೆನಪಿರುವ ಮಟ್ಟುಗಳನ್ನು ಪೂರ್ತಿ ದೃಶ್ಯಗಳ ಸಮೇತ ದಾಖಲಿಸುವ ಕೆಲಸವನ್ನು ತಡಮಾಡದೆ ಆರಂಭಿಸಲಿ. ‘ಸದಾರಮೆ’ಯನ್ನು ಕೈಗೆತ್ತಿಕೊಳ್ಳುವ ನಿರ್ದೇಶಕರು ಪಾತ್ರ ಹಂಚುವ ಮೊದಲೇ ಅಂಥ ಮೇಷ್ಟ್ರೊಬ್ಬರನ್ನು ತಾಲೀಮಿನ ಮನೆಗೆ ಕರೆತಂದು, ಅವರ ಹೆಸರನ್ನು ಕರಪತ್ರದಲ್ಲಿ ನಿರ್ದೇಶಕರ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರಂಗಾಸಕ್ತ, ತುಮಕೂರು