ಇರುವೆಗೆ ಸ್ಪ್ರೇ ಹೊಡೆಯುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಮಳೆ ಶುರುವಾಯಿತು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಈಗ ಮನೆಮನೆಗೂ ಇರುವೆ, ಮನೆಮನೆಗೂ ಸ್ಪ್ರೇ ವಾಸನೆ. ದಯವಿಟ್ಟು ಸ್ಪ್ರೇ ಹೊಡೆಯಬೇಡಿ.

ಹೋದ ವರ್ಷ ನಾವೂ ಹೊಡೆಸಿದ್ದೆವು. ಆಗ ಇದ್ದದ್ದು ಒಂದೇ ಸಾಲು, ಅಡುಗೆಮನೆಯ ಸ್ವಿಚ್‌ಬೋರ್ಡಿನಿಂದ ಹೊರಡುವ ಸಣ್ಣ ಹಳದಿ ಇರುವೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬಾತ್‌ರೂಮಿನಲ್ಲಿ ಒಂದು ಸಾಲು, ದೇವರ ಗೂಡಿನಲ್ಲಿ ಒಂದು, ಮಗುವಿನ ಹಾಸಿಗೆ ಹತ್ತಿರ ಇನ್ನೊಂದು. ಓದಿದಾಗ ಕಾರಣ ತಿಳಿಯಿತು. ಇದಕ್ಕೆ ಫೇರೋ ಇರುವೆ ಅನ್ನುತ್ತಾರೆ, ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ, ಸ್ಪ್ರೇ ಬಿದ್ದರೆ ಒಂದಷ್ಟು ಇರುವೆಗಳು ರಾಣಿ, ಮರಿಗಳ ಸಮೇತ ಬೇರೆ ಕಡೆ ಹೋಗಿ ಹೊಸ ಗೂಡು ಹೂಡುತ್ತವೆ. ನಾವೇ ದುಡ್ಡು ಕೊಟ್ಟು ಗೂಡು ಜಾಸ್ತಿ ಮಾಡಿಕೊಂಡೆವು ಅಲ್ವಾ?

ನಮಗೆ ಕೊನೆಗೆ ಕೈಹಿಡಿದದ್ದು ಬಿಳಿಗಾರ, ಅಂದರೆ ಬೋರಾಕ್ಸ್. ಇಲ್ಲಿನ ಅಂಗಡಿಯಲ್ಲಿ ಮರಾಠಿಯಲ್ಲಿ ಟಾಕಣಖಾರ ಎಂದು ಕೇಳಿ. ಒಂದು ಲೋಟ ಬಿಸಿನೀರಿಗೆ ಎಂಟು ಚಿಕ್ಕ ಚಮಚ ಸಕ್ಕರೆ, ಅದೇ ಚಿಕ್ಕ ಚಮಚದಲ್ಲಿ ಅರ್ಧ ಬಿಳಿಗಾರ, ಅಷ್ಟೇ. ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅಂದುಕೊಳ್ಳಬೇಡಿ, ಕುಡಿದ ಇರುವೆ ದಾರಿಯಲ್ಲೇ ಸತ್ತರೆ ಗೂಡಿನಲ್ಲಿರುವ ರಾಣಿಗೆ ತಲುಪಿಸುವವರು ಯಾರು? ಹತ್ತಿ ಅದ್ದಿ, ಬಾಟಲಿಯ ಮುಚ್ಚಳದಲ್ಲಿ ಸಾಲಿನ ಪಕ್ಕ ಇಡಿ. ಮೊದಲ ದಿನ ಇರುವೆ ಮುತ್ತಿಕೊಳ್ಳುತ್ತದೆ, ಹೆದರಬೇಡಿ, ಒರೆಸಲೂಬೇಡಿ. ಅವು ಬಿಟ್ಟುಹೋಗುವ ವಾಸನೆಯ ಜಾಡು ಹಿಡಿದೇ ಉಳಿದವು ಬರುವುದು. ಓಡಾಟ ನಿಂತ ಮೇಲೆ ಸೋಪು ನೀರಿನಲ್ಲಿ ಆ ಜಾಡನ್ನು ಉಜ್ಜಿ ತೊಳೆಯಿರಿ. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ. ಮಕ್ಕಳು, ಬೆಕ್ಕು ನಾಯಿಗಳ ಕೈಗೆ ಸಿಗದ ಹಾಗೆ ಇಡಬೇಕು. ಇರುವೆ ಚಾಕ್‌ನಲ್ಲಿರುವುದೂ ಕೀಟನಾಶಕವೇ, ಸೀಮೆಸುಣ್ಣ ಅಂದುಕೊಂಡು ಮಕ್ಕಳು ಬಾಯಿಗಿಡುತ್ತಾರೆ.

ಅರಿಶಿನದ ಗೆರೆ, ಸಕ್ಕರೆ ಡಬ್ಬಿಯಲ್ಲಿ ಲವಂಗ, ಇವೆಲ್ಲ ಅಮ್ಮಂದಿರು ಮಾಡುತ್ತಿದ್ದದ್ದೇ. ದಾರಿ ತಪ್ಪಿಸಲು ಸಾಕು, ಗೂಡು ಮಾತ್ರ ಹಾಗೇ ಇರುತ್ತದೆ. ರವೆ ತಿಂದು ಹೊಟ್ಟೆ ಉಬ್ಬಿ ಸಾಯುತ್ತವೆ ಅನ್ನುವುದು ಸುಳ್ಳು, ಬೆಳೆದ ಇರುವೆ ನುಂಗುವುದು ದ್ರವವನ್ನು ಮಾತ್ರ.

ಕುಂಡದ ಗಿಡಗಳ ವಿಷಯ ಬೇರೆ. ದಾಸವಾಳಕ್ಕೆ ಇರುವೆ ಹತ್ತುತ್ತಿದ್ದರೆ ಎಲೆಯ ಅಡಿ ನೋಡಿ, ಸಾಮಾನ್ಯವಾಗಿ ಬಿಳಿ ಹಿಟ್ಟು ತಿಗಣೆ ಇರುತ್ತದೆ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ದನ ಕಾದ ಹಾಗೆ ಕಾಯುತ್ತದೆ, ತಿಗಣೆ ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಹಾಕಿ ಸಂಜೆ ಹೊತ್ತು ಸಿಂಪಡಿಸಿ. ತಿಗಣೆ ಹೋದರೆ ಇರುವೆಗೆ ಅಲ್ಲಿ ಕೆಲಸವಿಲ್ಲ. ಊರಿನ ಗೇರು ತೋಟದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯನ್ನಂತೂ ಮುಟ್ಟಲೇಬೇಡಿ, ಚಿಗುರು ಒಣಗಿಸುವ ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟವನ್ನು ಅದು ಹಿಡಿದು ತಿನ್ನುತ್ತದೆ.

ಸೊಸೈಟಿ ಕಮಿಟಿಗಳಲ್ಲಿರುವ ಕನ್ನಡಿಗರಿಗೆ ಒಂದು ವಿನಂತಿ. ಹಳದಿ ಇರುವೆ ವೈರಿನ ಪೈಪಿನೊಳಗೇ ಒಂದು ಮನೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದೇ ಮನೆಯಲ್ಲಿ ಇಟ್ಟರೆ ಸಾಲದು. ಈ ಸಲದ ಮೀಟಿಂಗಿನಲ್ಲಿ ಸ್ಪ್ರೇ ಬೇಡ ಎಂದು ಹೇಳಿ, ಗೋಡೆ ಹಂಚಿಕೊಂಡ ಮನೆಗಳೆಲ್ಲ ಒಂದೇ ವಾರ ಬಿಳಿಗಾರ ಇಡುವ ಹಾಗೆ ಮಾಡಿಸಿ.

— ಒಬ್ಬ ಓದುಗ, ಡೊಂಬಿವಲಿ